ಇಂಜಿನ್ನಿಗೆ ನೀರು ತುಂಬಿದ ಹಬ್ಬ

ಮೊನ್ನೆ ಮೊಮ್ಮಗಳು ನನ್ನನ್ನು ಹಳೆಯ ಉಗಿ ಇಂಜಿನ್‌ಗಳನ್ನು ನಿಲ್ಲಿಸಿರುವ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ಅಜ್ಜಿಗೆ ರೈಲು ಅಂದರೆ ಪ್ರಾಣ ಎಂದು ಅವಳ ತಲೆಗೆ ಯಾರು ತುಂಬಿದರೋ. ಇಂಜಿನ್‌ಗಳಿಗೆ ಕರಿ ಬಣ್ಣ ಬಳಿದು, ಹಿತ್ತಾಳೆ ಬೆಳಗಿ, ಸುತ್ತ ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬೋರ್ಡು ಹಾಕಿದ್ದರು. ಗೋಡೆಯಲ್ಲಿ ಒಂದು ಕಲ್ಲು, ಅದರ ಮೇಲೆ ಅವುಗಳನ್ನು ಉಳಿಸಿಕೊಟ್ಟವರ ಹೆಸರು. ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಲ್ಲವೂ ಗಂಡಸರ ಹೆಸರು. ಅಷ್ಟೊಂದು ಹಿತ್ತಾಳೆಯನ್ನು ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸೂ ತಿಕ್ಕಿಲ್ಲವೆಂದರೆ ನಾನು ನಂಬುವವಳಲ್ಲ. ನಾನೇ ಒಂದು ಇಂಜಿನ್ ತಿಕ್ಕಿದ್ದೇನೆ, ಎರಡು ವರ್ಷಕ್ಕೂ ಹೆಚ್ಚು. ಅದು ಯಾವ ಮ್ಯೂಸಿಯಂನಲ್ಲೂ ಇಲ್ಲ. ಯಾಕಿಲ್ಲ ಎಂದು ಮೊಮ್ಮಗಳು ಕೇಳಿದಳು. ಬಾಯಲ್ಲಿ ಹೇಳಲು ಹೊರಟರೆ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ. ರಾಗಿ, ಹುರುಳಿ ಬೆಳೆಯುವ ಒಕ್ಕಲು ಮನೆ. ಅಪ್ಪ ನನ್ನನ್ನು ನಾಲ್ಕಕ್ಷರ ಓದಿಸಿ, ಹುಡುಗ ರೈಲ್ವೆಯಲ್ಲಿದ್ದಾನೆ ಎಂಬ ಒಂದೇ ಮಾತಿಗೆ ಮರುಳಾಗಿ ದೇವನಹಳ್ಳಿಗೆ ಕೊಟ್ಟುಬಿಟ್ಟರು. ಹುಡುಗ ಫೈರ್‌ಮನ್. ಬೆಂಗಳೂರಿನಿಂದ ಯಲಹಂಕದ ಮೇಲೆ ನಮ್ಮೂರು ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿದ್ದ ಚಿಕ್ಕ ಹಳಿಯ ರೈಲಿನಲ್ಲಿ ಇಂಜಿನ್ನಿಗೆ ಬೆಂಕಿ ಹಾಕುವ ಕೆಲಸ. ಆ ರೈಲಿನಿಂದ ಇಳಿದು ಹೊಲದಲ್ಲಿ ಕಡಲೆಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದು ಎಂದು ಊರವರು ಗೇಲಿ ಮಾಡುತ್ತಿದ್ದರು. ನಮ್ಮ ಯಜಮಾನರಿಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾದ ಹೊಸತರಲ್ಲಿ ಒಂದು ದಿನ ನನ್ನನ್ನು ಇಂಜಿನ್ ಹತ್ತಿಸಿ ತೋರಿಸಿದರು. ನನಗೆ ಒಂದೂ ಅರ್ಥವಾಗಲಿಲ್ಲ. ಆಗ ಅವರೇ ಹೇಳಿದರು, "ನಮ್ ಬಚ್ಚಲ ಹಂಡೆ ಇಲ್ವೇನೇ, ಅಂಗೇ ಇದು. ಕೆಳಗ್ ಬೆಂಕಿ, ಮೇಲ್ ನೀರು. ಹಂಡೆಗೆ ಮುಚ್ಚಳ ಬಿಗಿದುಬಿಟ್ರೆ ಆಯ್ತು, ಇಂಜಿನ್ನು." ಮುಂದೆ ಒಂದು ಗಾಜಿನ ಕೊಳವೆ ಇತ್ತು. ಬಾಯ್ಲರ್ ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ಅದರಿಂದ ಕಣ್ಣು ತೆಗೆಯುವ ಹಾಗಿಲ್ಲ, ಉರಿಯುವಾಗ ನೀರು ಬತ್ತಿದರೆ ಇಂಜಿನ್ ಸಮೇತ ಎಲ್ಲರೂ ಹಾರಿಹೋಗುತ್ತೇವೆ ಎಂದರು. ಹಾಗೆಂದವರ ಮುಖ ನೋಡಿದೆ. ನನ್ನ ಮೇಲೂ ಅಷ್ಟು ಗಮನ ಇರಲಿಲ್ಲ ಅವರಿಗೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಗಾಡಿ ಜೋಡಿಸುವ ಹೊತ್ತಿನಲ್ಲಿ ಎರಡು ಬೋಗಿಗಳ ನಡುವೆ ಅವರ ಬಲಗೈ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ತೆಗೆದುಹಾಕಿದರು. ಒಂದು ಕೈಯಲ್ಲಿ ಸಲಿಕೆ ಹಿಡಿದು ಬೆಂಕಿ ಹಾಕಲು ಆಗುತ್ತದೆಯೇ? ಮನೆಗೆ ಕಳಿಸುತ್ತಾರೆ ಎಂದೇ ನಾವು ಕುಳಿತಿದ್ದೆವು. ಅಷ್ಟರಲ್ಲಿ ಯುದ್ಧ ಮುಗಿಯಿತು, ಅವರು ಕೆಲಸ ಮಾಡುತ್ತಿದ್ದ ಇಂಜಿನ್ನಿಗೂ ವಯಸ್ಸಾಗಿತ್ತು. ಆ ಹಳಿಯ ಮೇಲೆ ಮೊಟ್ಟಮೊದಲು ಓಡಿದ್ದು ಅದೇ ಇಂಜಿನ್. ಬೆಂಗಳೂರಿನಿಂದ ಬಂದ ರೈಲ್ವೆ ಸಾಹೇಬರಿಗೆ ಅದನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಬೆಂಗಳೂರಿನಲ್ಲಿ ಕಟ್ಟೆ ಕಟ್ಟಿಸಿ ಅದರ ಮೇಲೆ ನಿಲ್ಲಿಸೋಣ, ದಸರೆಗೆ ಒಮ್ಮೆ ಉಗಿ ಎಬ್ಬಿಸಿ ಸಿಳ್ಳೆ ಹಾಕಿಸೋಣ, ಜನ ನೋಡಲಿ ಎಂದರು. ಕಟ್ಟೆಗೆ ಮೇಲಿನಿಂದ ಒಪ್ಪಿಗೆ ಬರುವವರೆಗೆ ಅದು ದೇವನಹಳ್ಳಿಯ ಪಕ್ಕದ ಹಳಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಇರಬೇಕು. ಕಾವಲಿಗೆ ನಮ್ಮ ಯಜಮಾನರು.

"ಚೆನ್ನಾಗ್ ನೋಡ್ಕೋ. ಬಾಯ್ಲರ್ ಪರೀಕ್ಷೆಲಿ ಪಾಸಾದ್ರೆ ಇಂಜಿನ್ ಜೊತೆ ನಿನ್ನನ್ನೂ ಬೆಂಗಳೂರಿಗೆ ಹಾಕಿಸ್ತೀನಿ. ಸಾಯೋವರೆಗೂ ನೀನೇ ಅದರ ಕಾವಲು," ಎಂದರು ಸಾಹೇಬರು, ನಮ್ಮ ಬಾಗಿಲಲ್ಲಿ ನಿಂತು ಎಳನೀರು ಕುಡಿಯುತ್ತಾ. ಪಾಸಾಗದಿದ್ದರೆ ಇಂಜಿನ್ ಗುಜರಿಗೆ, ಇವರು ಮನೆಗೆ. ಅದನ್ನು ಸಾಹೇಬರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕಾವಲುಗಾರನ ಮನೆ ಎಂದು ಹಳಿಯ ಪಕ್ಕದಲ್ಲಿ ಒಂದು ಕೋಣೆ ಕೊಟ್ಟರು. ಹಿಂದೆ ಬಚ್ಚಲು, ಮುಂದೆ ಬಾವಿ, ಬಾವಿಯಾಚೆ ಇಂಜಿನ್.

ಅದನ್ನು ಮಲಗಿಸಲು, ಅಂದರೆ ಓಡಿಸದೆ ಕೆಡದ ಹಾಗೆ ಇಡಲು, ಬೆಂಗಳೂರಿನ ಶೆಡ್ಡಿನಿಂದ ಬಾಯ್ಲರ್ ಮೇಸ್ತ್ರಿ ಬಂದರು. ತಮಿಳು ಮಾತಿನ ವಯಸ್ಸಾದ ಮನುಷ್ಯ, ಹುಬ್ಬಿನಲ್ಲೂ ಮಸಿ. ಕೆಳಗಿನ ಪ್ಲಗ್ ಬಿಚ್ಚಿ ನೀರನ್ನೆಲ್ಲ ಹೊರಗೆ ಬಿಟ್ಟರು, ಒಳಗೆ ಸಣ್ಣ ಉರಿ ಹಾಕಿ ಒಣಗಿಸಿದರು, ಪ್ಲಗ್‌ಗಳನ್ನೆಲ್ಲ ಬಿಗಿದರು. ನಾನು ಮಜ್ಜಿಗೆ ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು ಇವರಿಗೆ ಹೇಳಿದರು, "ಒಳ್ಗೆ ಒಂದ್ ತೊಟ್ಟು ತಣ್ಣಿ ಇರ್ಬಾರ್ದು ಪಾ. ಹೊರ್ಗೆ ನೀ ಏನ್ ಬೇಕಾದ್ರೂ ಮಾಡ್ಕೋ, ಒಳ್ಗೆ ಕೈ ಹಾಕ್ಬೇಡ." ಇವರು ತಲೆಯಾಡಿಸಿದರು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ.

ಹೊರಗಿನ ಕೆಲಸ ಶುರುವಾಯಿತು. ಕಾವಲಿನ ಸಂಬಳ ಅವರ ಹೆಸರಿಗೆ, ಆದರೆ ಒಂದು ಕೈಯಲ್ಲಿ, ಅದೂ ಎಡಗೈಯಲ್ಲಿ, ಇಂಜಿನ್ ತಿಕ್ಕಲು ಆಗುವುದಿಲ್ಲ. ಬಟ್ಟೆ ಹಿಡಿದರೆ ಡಬ್ಬಿ ಹಿಡಿಯುವವರು ಯಾರು? ಮೊದಲು ಡಬ್ಬಿ ಹಿಡಿದೆ. ಆಮೇಲೆ ಬಟ್ಟೆಯೂ ನನ್ನ ಕೈಗೇ ಬಂತು. ಕಬ್ಬಿಣಕ್ಕೆ ಹೊಂಗೆ ಎಣ್ಣೆ, ಹಿತ್ತಾಳೆಗೆ ಹುಣಸೆಹಣ್ಣು ಮತ್ತು ಇಟ್ಟಿಗೆ ಪುಡಿ. ರೈಲ್ವೆಯವರು ಕೊಡುತ್ತಿದ್ದ ಪಾಲಿಶ್ ವರ್ಷಕ್ಕೆ ಒಂದು ಡಬ್ಬಿ, ಅದು ಯಾವ ಮೂಲೆಗೆ? ಚಪ್ಪರದ ತೂತಿನಿಂದ ಮಳೆ ಹನಿ ಬೀಳದಿರಲೆಂದು ಹೊಗೆ ಕೊಳವೆಯ ಮೇಲೆ ನಮ್ಮ ಮನೆಯ ರಾಗಿ ಮಡಕೆಯನ್ನೇ ಬೋರಲು ಹಾಕಿದೆ. ಚಕ್ರ ಒಂದೇ ಕಡೆ ಕೂತು ಹಿಡಿದುಕೊಳ್ಳಬಾರದು ಎಂದು ಅಮಾವಾಸ್ಯೆಗೊಮ್ಮೆ ಹಾರೆ ಹಾಕಿ ಒಂದು ಗೇಣು ಮುಂದೆ, ಮರು ಅಮಾವಾಸ್ಯೆಗೆ ಒಂದು ಗೇಣು ಹಿಂದೆ ದೂಡಬೇಕು. ಇವರು ಎಡಗೈಯಿಂದ ಹಾರೆ ಮೀಟುವರು, ನಾನು ಹಾರೆಯ ತುದಿಗೆ ಮೈಭಾರ ಹಾಕಿ ನೇತಾಡುವೆ.

ಸ್ಟೇಷನ್ನಿನಲ್ಲಿ ಕೂತವರಿಗೆ ಇದೊಂದು ಮೋಜು. "ಏನಮ್ಮಾ, ಎಮ್ಮೆ ಮೈ ತೊಳೀತಿದ್ದೀಯಾ? ಎಷ್ಟ್ ಸೇರ್ ಹಾಲ್ ಕೊಡ್ತದೆ?" ಎನ್ನುವರು. "ನಿಮ್ಮನೆ ಎತ್ತಿಗಿಂತ ವಾಸಿ ಕಣಣ್ಣ, ಮೇವ್ ಕೇಳಲ್ಲ," ಎಂದು ನಾನೂ ಬಿಡುತ್ತಿರಲಿಲ್ಲ. ಇವರು ಆಗ ಚಪ್ಪರದ ಕಂಬಕ್ಕೊರಗಿ ಬೀಡಿ ಸೇದುತ್ತಿರುವರು. ತಿಕ್ಕಿ ಮುಗಿದ ಮೇಲೆ ಹತ್ತಿರ ಬಂದು ಎಡಗೈಯ ಬೆರಳಿನಿಂದ ಸವರಿ, ಧೂಳು ಸಿಕ್ಕಿದರೆ ಬೆರಳನ್ನು ನನ್ನ ಕಣ್ಣಿನ ಮುಂದೆ ಹಿಡಿಯುವರು. ಆಗ ನನಗೆ ಅದರಲ್ಲೇನೂ ತಪ್ಪು ಕಾಣುತ್ತಿರಲಿಲ್ಲ. ಇಂಜಿನ್ ಹೊಳೆಯುವುದು ಕಂಡು ನನಗೂ ಒಂದು ಜಂಭ ಬಂದಿತ್ತು. ಬೆಂಗಳೂರಿನಲ್ಲಿ ಜನ ಸುತ್ತ ನಿಂತು ನೋಡುವಾಗ ನಾನೂ ಹೊಸ ಸೀರೆ ಉಟ್ಟು ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅವರಿಗೆ ಮಾತ್ರ ನೆಮ್ಮದಿ ಇರಲಿಲ್ಲ. ದಿನಕ್ಕೆ ಹತ್ತು ಸಲ ಇಂಜಿನ್ ಹತ್ತಿ ಆ ಗಾಜಿನ ಕೊಳವೆ ನೋಡುವರು. ಒಳಗೆ ನೀರಿಲ್ಲ, ಗಾಜು ಖಾಲಿ. ಗೊತ್ತಿದ್ದೂ ಹೋಗುವರು, ಸಪ್ಪೆ ಮುಖ ಹಾಕಿಕೊಂಡು ಇಳಿದು ಬರುವರು. ಹದಿನೈದು ವರ್ಷ ಆ ಗಾಜಿನಲ್ಲಿ ನೀರು ಕಾಣದಿದ್ದರೆ ಸಾವು ಎಂದು ಬದುಕಿದ ಮನುಷ್ಯ. "ಗ್ಲಾಸ್ ಬರಿದಾಗಿರೋದ್ ನೋಡಿದ್ರೆ ಈಗ್ಲೇ ಸಿಡೀತದೆ ಅನ್ನಿಸ್ತದೆ ಕಣೇ. ಬೆಂಕಿ ಇಲ್ಲ, ಗೊತ್ತು. ಆದ್ರೂ ಅನ್ನಿಸ್ತದೆ," ಎಂದರು ಒಂದು ದಿನ ಊಟಕ್ಕೆ ಕೂತಾಗ. ಮುದ್ದೆ ಅರ್ಧ ತಿಂದು ಎದ್ದುಬಿಟ್ಟರು.

ಆ ವರ್ಷದ ದೀಪಾವಳಿ ಬಂತು. ಮೊದಲ ಸಂಜೆ ನೀರು ತುಂಬುವ ಹಬ್ಬ. ನಮ್ಮ ಕಡೆ ಗೊತ್ತಿಲ್ಲದವರಿಲ್ಲ: ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ ಹೊಸ ನೀರು ಸೇದಿ ತುಂಬಬೇಕು. ಮಾರನೆಯ ಬೆಳಗ್ಗೆ ಆ ನೀರಿನಲ್ಲೇ ಎಣ್ಣೆಸ್ನಾನ. ಆ ಸಂಜೆ ಮನೆಯಲ್ಲಿ ಒಂದು ಚೊಂಬೂ ಬರಿದಾಗಿರಬಾರದು. ಬರಿದು ಹಂಡೆ ಇಟ್ಟುಕೊಂಡು ಹಬ್ಬ ಮಾಡಿದ ಮನೆಯನ್ನು ನಾನು ಕಂಡಿಲ್ಲ.

ನಮ್ಮ ಹಂಡೆ ತುಂಬಿಸಿ ಕೊಡ ಇಳಿಸಿದೆ. ಬಾವಿಯಾಚೆ ಇಂಜಿನ್ ಕಾಣಿಸಿತು. ಹಿಂದಿನ ದಿನವೇ ಬೆಳಗಿದ್ದೆ, ಹಿತ್ತಾಳೆ ಇಳಿಬಿಸಿಲಿಗೆ ಫಳಫಳ ಎನ್ನುತ್ತಿತ್ತು.

"ಅದೂ ಹಂಡೇನೇ ಅಲ್ವಾ? ನೀವೇ ಹೇಳಿದ್ರಿ," ಎಂದೆ. "ನಮ್ಗೆ ಅನ್ನ ಹಾಕೋದು ಅದು. ಹಬ್ಬದ ದಿನ ಅದನ್ನ ಬರಿದಾಗಿ ಇಡೋದಾ? ಒಂದಿಷ್ಟು ನೀರ್ ಹಾಕೋಣ ಕಣ್ರೀ."

ಮೇಸ್ತ್ರಿ ಬೇಡ ಅಂದವ್ರೆ ಎಂದು ಅವರು ಹೇಳಲೇ ಇಲ್ಲ. ಆ ಮಾತಿಗಾಗಿ ಕಾದಿದ್ದವರ ಹಾಗೆ ತಕ್ಷಣ ಎದ್ದರು. "ಅರ್ಧ ಗ್ಲಾಸ್ ಬರೋ ಅಷ್ಟು ಸಾಕು," ಎಂದು ತಾವೇ ಸ್ಪ್ಯಾನರ್ ತಂದರು. ಮೇಲಿನ ಪ್ಲಗ್ಗನ್ನು ಮೇಸ್ತ್ರಿ ಬಿಗಿದದ್ದು, ಸುಲಭಕ್ಕೆ ಬಿಡಲಿಲ್ಲ. ಅವರ ಒಂದು ಕೈ, ನನ್ನ ಎರಡು ಕೈ, ಮೂರೂ ಸೇರಿ ತಿರುಗಿಸಿದ ಮೇಲೆ ಕಿರ್ರೆಂದು ಸಡಿಲವಾಯಿತು. ನಾನು ನೀರು ಸೇದಿ, ಹೊತ್ತು, ಏಣಿ ಹತ್ತಿ ಹತ್ತಿ ಸುರಿದೆ. ಅದು ಗಡಸು ನೀರು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಸೊಂಟ ಬಿದ್ದುಹೋಗುವಷ್ಟು ಹೊತ್ತ ಮೇಲೆ ಗಾಜಿನ ಕೊಳವೆಯಲ್ಲಿ ನೀರು ಏರಿ ಅರ್ಧಕ್ಕೆ ನಿಂತಿತು. ಅವರು ಅದರ ಮುಂದೆ ಕೂತುಬಿಟ್ಟರು. ಕೈ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು. ನಾನು ಬಾಯ್ಲರ್ ಮೇಲೆ ಸುಣ್ಣದ ಮೂರು ಪಟ್ಟೆ ಎಳೆದು, ಹೊಗೆ ಕೊಳವೆಗೆ ಹಾಗಲ ಬಳ್ಳಿ ಸುತ್ತಿ, ಆರತಿ ಎತ್ತಿದೆ. ಇಬ್ಬರೂ ಕೈ ಮುಗಿದೆವು, ಅವರು ಒಂದೇ ಕೈ ಎದೆಗಿಟ್ಟುಕೊಂಡು.

ಹಬ್ಬ ಮುಗಿದ ಮೇಲೆ ಹಂಡೆಯ ನೀರು ಖರ್ಚಾಗುತ್ತದೆ. ಇಂಜಿನ್ ನೀರು ಖರ್ಚಾಗುವುದು ಎಲ್ಲಿಂದ? ತೆಗೆಯೋಣವೇ ಎಂದು ನಾನು ಒಂದು ಸಲ ಕೇಳಿದೆ. "ಇರ್ಲಿ ಬಿಡು, ಅದ್ರ ಪಾಡಿಗಿರ್ಲಿ," ಎಂದರು. ಇದ್ದುಕೊಂಡಿತು. ಅವರು ನೆಮ್ಮದಿಯಾಗಿ ಉಂಡರು, ನೆಮ್ಮದಿಯಾಗಿ ಬೀಡಿ ಸೇದಿದರು. ಗಾಜಿನಲ್ಲಿ ನೀರು ಸ್ವಲ್ಪ ಇಳಿದಂತೆ ಕಂಡರೆ ಮೂರು ಕೈ ಹಾಕಿ ಪ್ಲಗ್ ಬಿಚ್ಚಿ ಮತ್ತೆ ಒಂದೆರಡು ಕೊಡ ಸುರಿಯುತ್ತಿದ್ದೆವು. ಸ್ವಾತಂತ್ರ್ಯ ಬಂತು, ಸ್ಟೇಷನ್ ಮೇಲೆ ಬಾವುಟ ಏರಿತು, ಇಂಜಿನ್ನಿಗೂ ಒಂದು ಸಣ್ಣ ಬಾವುಟ ಕಟ್ಟಿದೆವು. ಆ ದೀಪಾವಳಿಗೂ ನೀರು ತುಂಬಿದೆವು.

ಮರುವರ್ಷ ಬೇಸಿಗೆಯಲ್ಲಿ ಕಟ್ಟೆಗೆ ಒಪ್ಪಿಗೆ ಬಂತು. ಸಾಹೇಬರು ಬಾಯ್ಲರ್ ಪರೀಕ್ಷೆಗೆಂದು ಅದೇ ಮೇಸ್ತ್ರಿಯನ್ನು ಕರೆದುಕೊಂಡು ಬೆಳಗಿನ ಗಾಡಿಗೆ ಬಂದರು. ನಾನು ಹಿಂದಿನ ಮೂರು ದಿನ ಉಸಿರು ಬಿಡದೆ ತಿಕ್ಕಿದ್ದೆ. ಸಾಹೇಬರು ಇಂಜಿನ್ ಸುತ್ತ ಒಂದು ಸುತ್ತು ಬಂದು, ಹಿತ್ತಾಳೆಯಲ್ಲಿ ತಮ್ಮ ಮುಖ ನೋಡಿಕೊಂಡು, "ಭೇಷ್! ಹೊಸದರ ಹಾಗಿಟ್ಟಿದ್ದೀಯಲ್ಲಯ್ಯಾ," ಎಂದರು. ಇವರು ಎದೆಯುಬ್ಬಿಸಿ ನಿಂತರು. ತಮ್ಮ ಹಿಂದೆ ಮಜ್ಜಿಗೆ ಚೊಂಬು ಹಿಡಿದು ನಿಂತವಳ ಕಡೆ ತಿರುಗಲಿಲ್ಲ. ತಿರುಗುತ್ತಾರೆ ಎಂದು ನಾನು ಕಾದದ್ದು ನಿಜ.

ಮೇಸ್ತ್ರಿ ಇಂಜಿನ್ ಹತ್ತಿ, ಗಾಜಿನ ಕೊಳವೆ ನೋಡಿ ಇಳಿದರು. ಬಗ್ಗಿ ಕೆಳಗಿನ ಪ್ಲಗ್ ಬಿಚ್ಚಿದರು. ರಾಗಿ ಅಂಬಲಿಯ ಬಣ್ಣದ ನೀರು ಭರ್ರನೆ ಸುರಿಯಿತು. ಅದರ ಜೊತೆ ತುಕ್ಕು ಹಿಡಿದ ಕಬ್ಬಿಣದ ಹೊಪ್ಪಳೆಗಳು. ನೀರು ಹರಿದು ಸಾಹೇಬರ ಬೂಟಿನ ತನಕ ಬಂತು, ಅವರು ಹಿಂದೆ ಸರಿದರು. ಮೇಸ್ತ್ರಿ ಹೊದಿಕೆಯ ತಗಡು ಬಿಚ್ಚಿಸಿ ಬಾಯ್ಲರಿನ ಮೈಯನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಬಂದರು. ಮೇಲ್ಭಾಗದಲ್ಲಿ ಗಂಟೆಯ ಸದ್ದು. ನೀರು ನಿಂತಿದ್ದ ಮಟ್ಟಕ್ಕೆ ಬಂದಾಗ ಸದ್ದು ಮಣ್ಣಿನ ಗೋಡೆ ಬಡಿದ ಹಾಗಾಯಿತು. ಸುತ್ತಿಗೆಯ ಚೂಪು ತುದಿಯಿಂದ ಇನ್ನೊಂದು ಪೆಟ್ಟು ಕೊಟ್ಟರು. ತುದಿ ಒಳಗೆ ಹೋಗಿ ಸಿಕ್ಕಿಕೊಂಡಿತು.

ಹೊರಗೆ ಕನ್ನಡಿ ಹಾಗೆ ಇಟ್ಟವಳೂ ನಾನೇ, ಒಳಗೆ ಕೊಳೆಸಿದವಳೂ ನಾನೇ ಎಂದು ಆಗ ಗೊತ್ತಾಯಿತು.

"ನೀರು ಯಾರು ಹಾಕಿದ್ದು?" ಎಂದರು ಸಾಹೇಬರು.

ನಮ್ಮ ಯಜಮಾನರು ನನ್ನ ಕಡೆ ತಿರುಗಿದರು. ಬೆಳಗ್ಗೆಯಿಂದ ತಿರುಗದಿದ್ದವರು ಆಗ ತಿರುಗಿದರು.

"ನಾನಲ್ಲ ಬುದ್ಧೀ. ನನ್ ಹೆಂಡ್ತಿ. ನೀರ್ ತುಂಬೋ ಹಬ್ಬ ಅಂತ ನಾನಿಲ್ದಾಗ ತುಂಬ್‌ಬಿಟ್ಟವ್ಳೆ. ಹೆಂಗಸು, ಏನ್ ಗೊತ್ತಾಗ್ತದೆ?"

ಸಾಹೇಬರು ಮೊದಲು ಅರ್ಥವಾಗದೆ ನೋಡಿದರು, ಆಮೇಲೆ ನಕ್ಕರು. "ಹಂಡೆ ಅಂದ್ಕೊಂಡ್ಲಾ?" ಎಂದು ಇನ್ನೂ ಜೋರಾಗಿ ನಕ್ಕರು. ಸ್ಟೇಷನ್ ಮಾಸ್ಟರು ನಕ್ಕರು. ಪ್ಲಾಟ್‌ಫಾರಂನಿಂದ ನೋಡಲು ಬಂದವರೂ ನಕ್ಕರು. ಮೇಸ್ತ್ರಿ ಒಬ್ಬರೇ ನಗಲಿಲ್ಲ. ತಾವು ಬಿಗಿದಿದ್ದ ಆ ಪ್ಲಗ್ಗನ್ನು ನೋಡಿದರು, ನನ್ನ ಕೈ ನೋಡಿದರು, ಇವರ ಮೋಟು ತೋಳು ನೋಡಿದರು. ಅದನ್ನು ಹೆಂಗಸೊಬ್ಬಳೇ ತಿರುಗಿಸಲಾರಳು ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಚೀಲಕ್ಕೆ ಸುತ್ತಿಗೆ ಹಾಕಿಕೊಂಡು ನೆರಳಿಗೆ ಹೋಗಿ ಕೂತರು.

ನಾನೂ ಬಾಯಿ ಬಿಡಲಿಲ್ಲ. ನೀರು ಹಾಕೋಣ ಎಂದವಳು ನಾನೇ, ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಆದರೆ ನಾನಿಲ್ದಾಗ ಎಂದರಲ್ಲ, ಆ ಒಂದು ಮಾತು. ಹೌದೇನ್ರೀ ಎಂದು ಆ ಜನರ ಮುಂದೆ ಕೇಳಿದ್ದರೆ ಅವರು ಅವತ್ತೇ ಬೀದಿಗೆ ಬೀಳುತ್ತಿದ್ದರು, ಅವರ ಹಿಂದೆ ನಾನೂ. ಚೊಂಬು ಹಿಡಿದು ನಿಂತೇ ಇದ್ದೆ. ಅಷ್ಟೆಲ್ಲ ಆದ ಮೇಲೆ ಸಾಹೇಬರಿಗೆ ಮಜ್ಜಿಗೆಯನ್ನೂ ಕೊಟ್ಟೆ.

ಸಾಹೇಬರಿಗೆ ಇವರ ಮೇಲೆ ಕನಿಕರವೇ ಬಂತು. ಪಾಪ, ಹೆಂಡತಿ ಮಾಡಿದ್ದಕ್ಕೆ ಇವನೇನು ಮಾಡುತ್ತಾನೆ ಎಂದು, ಊರಾಚೆಯ ರಸ್ತೆ ಗೇಟಿನಲ್ಲಿ ಬಾವುಟ ತೋರಿಸುವ ಕೆಲಸ ಕೊಡಿಸಿದರು. ಇಂಜಿನ್ನಿಗೆ ಕನಿಕರ ತೋರಿಸುವವರು ಇರಲಿಲ್ಲ. ಎರಡು ವಾರದಲ್ಲಿ ಗುಜರಿಯವರು ಬಂದು ಅಲ್ಲೇ ಕತ್ತರಿಸಿದರು. ಸಿಳ್ಳೆಯನ್ನೂ ಹಿತ್ತಾಳೆ ಪಟ್ಟಿಗಳನ್ನೂ ಸಾಹೇಬರು ತಮ್ಮ ಬಂಗಲೆಗೆ ತರಿಸಿಕೊಂಡರಂತೆ. ನಾನು ತಿಕ್ಕಿದ್ದು ಮಾತ್ರ ಉಳಿಯಿತು ಎನ್ನಬೇಕು, ಯಾರದೋ ಗೋಡೆಯ ಮೇಲೆ.

ಪರೀಕ್ಷೆಯ ವರದಿಯ ಒಂದು ಪ್ರತಿ ಸ್ಟೇಷನ್ನಿಗೂ ಬಂತು. ನನ್ನ ಬಗ್ಗೆ ಏನು ಬರೆದಿದೆ ಎಂದು ಸ್ಟೇಷನ್ ಮಾಸ್ಟರನ್ನು ಹೋಗಿ ಕೇಳಿದೆ. ಅವರು ಇಂಗ್ಲಿಷಿನಿಂದ ಓದಿ ಹೇಳಿದರು: ಹೊರಭಾಗವನ್ನು ಕಾವಲುಗಾರನು ಅತ್ಯುತ್ತಮವಾಗಿ ಕಾಪಾಡಿದ್ದಾನೆ, ಕಾವಲುಗಾರನ ಹೆಂಡತಿಯ ಮೂಢನಂಬಿಕೆಯಿಂದ ಬಾಯ್ಲರ್ ಹಾಳಾಗಿದೆ. ಇನ್ನೊಂದು ಸಲ ಓದಿ ಎಂದೆ. ಓದಿದರು. ನನ್ನ ಪ್ರಸ್ತಾಪ ಇರುವ ರೈಲ್ವೆ ಕಾಗದ ಅದೊಂದೇ.

ಅವತ್ತು ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಬಂದಾಗ ತಟ್ಟೆ ಇಡುವ ಮುಂಚೆಯೇ ಕೇಳಿದೆ. "ಯಾಕ್ರೀ ಹಂಗಂದ್ರಿ? ಪ್ಲಗ್ ನಾನೊಬ್ಳೇ ತೆಗುದ್ನಾ? ತಿಕ್ಕಿದ್ದು ನೀವಾ?"

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಇಷ್ಟೂ ತಿಳಿಯಲ್ವಲ್ಲ ಇವಳಿಗೆ ಎನ್ನುವ ಹಾಗೆ ನನ್ನನ್ನೇ ನೋಡಿದರು.

"ನಾನ್ ಹಾಕ್ದೆ ಅಂದಿದ್ರೆ ನನ್ ಕೆಲ್ಸ ಹೋಗ್ತಿತ್ತು. ನಿನ್ ಹೆಸ್ರು ಹೇಳಿದ್ರೆ ನಿಂಗೇನ್ ಕೆಲ್ಸ ಹೋಗ್ತದಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಾರು ಬಡಿಸಿದೆ, ಉಂಡು ಎದ್ದರು.

ಮಾರನೆಯ ದಿನ ಗೇಟಿನ ಕೆಲಸಕ್ಕೆ ಮೊದಲ ದಿನ. ರೈಲ್ವೆಯವರು ಕೊಟ್ಟ ಹೊಸ ನೀಲಿ ಕೋಟನ್ನು ಎಡಗೈಯಿಂದ ಹೇಗೋ ತೊಟ್ಟುಕೊಂಡು, ಗುಂಡಿ ಹಾಕಲೆಂದು ನನ್ನ ಮುಂದೆ ಬಂದು ನಿಂತರು. ನಾನು ಕೊರಳಿನವರೆಗೆ ಒಂದೊಂದಾಗಿ ಎಲ್ಲ ಗುಂಡಿ ಹಾಕಿದೆ. ಆ ಕೆಲಸ, ಅವರು ಸಾಯುವವರೆಗೂ, ನನಗೆ ಹೋಗಲಿಲ್ಲ.